ಮನೆಗೆ ಹೇಳುವ ರೇಟು

ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕಿದಾಗ ಕೈಗೆ ಹತ್ತುವ ವಾಸನೆ ಸೋಪು ಹಾಕಿದರೂ ಎರಡು ದಿನ ಬಿಡುವುದಿಲ್ಲ. ಕಳೆದ ವಾರ ಹದಡಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಸುಮ್ಮನೆ ಕೂತು ಉಣ್ಣುವುದು ನನಗೆ ಆಗಿಬರುವುದಿಲ್ಲ. ದೇವರ ಸಾಮಾನು ಕೊಡು ತಿಕ್ಕುತ್ತೇನೆ ಎಂದು ಹಿತ್ತಲಲ್ಲಿ ಕೂತೆ. ಒಂದು ಗಂಟೆ, ಆರತಿ ತಟ್ಟೆ, ಎರಡು ದೀಪದ ಕಂಬ. ಮೊದಲ ದೀಪ ತೊಳೆದು ಬಿಸಿಲಿಗೆ ಇಡುವಷ್ಟರಲ್ಲಿ ಆ ವಾಸನೆ ಮೂಗಿಗೆ ಏರಿತು. ನಮ್ಮ ಮನೆಯವರು ಸತ್ತ ಮೇಲೆ ಬಂದ ಮದುವೆ ಹಂಗಾಮು ಪೂರ್ತಿ ಕಣ್ಣ ಮುಂದೆ ಬಂದು ನಿಂತಿತು.

"ಯಾಕವ್ವ, ಕೈ ನಿಲ್ಸಿದಿ?" ಅಂದಳು ಮಗಳು.

"ಸೊಂಟ ಹಿಡಕಂತು" ಅಂದೆ. ಸೊಂಟ ಹಿಡಿದಿರಲಿಲ್ಲ.

ನಮ್ಮ ಮನೆಯವರ ಹೆಸರು ಹಾಲೇಶಪ್ಪ. ನಲವತ್ತೊಂದು ವರ್ಷ ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಹೇಳಿದರೂ ತಪ್ಪೇನಿಲ್ಲ, ಓಗೊಡುವವರು ಇಲ್ಲ. ಅವರದು ದಾವಣಗೆರೆಯ ಒಂದು ದಲಾಲಿ ಅಂಗಡಿಯಲ್ಲಿ ಮೆಕ್ಕೆಜೋಳದ ಚೀಲ ತೂಗುವ ಕೆಲಸ. ಮದುವೆ ಹಂಗಾಮು ಬಂತೆಂದರೆ ಕೆಂಪು ಕೋಟು ತೊಟ್ಟು ಬ್ಯಾಂಡ್ ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಸೆಟ್ಟಿನಲ್ಲಿ ಹನ್ನೆರಡು ಜನ. ಬರೀ ವಾದ್ಯ ನಂಬಿ ಹೊಟ್ಟೆ ಹೊರೆಯುವವನು ಅವರಲ್ಲಿ ಒಬ್ಬನೂ ಇಲ್ಲ. ಲೀಡರ್ ಬುಡೇನ್ ಸಾಬರಿಗೆ ಸೈಕಲ್ ರಿಪೇರಿ ಅಂಗಡಿ. ಡ್ರಮ್ ಬಾರಿಸುವ ಮಂಜ ಆಟೋ ಓಡಿಸುತ್ತಾನೆ, ನಮ್ಮ ಪಕ್ಕದ ಮನೆಯವನೇ. ಉಳಿದವರೂ ಹೀಗೇ, ಒಬ್ಬ ಬಣ್ಣ ಬಳಿಯುವವನು, ಒಬ್ಬ ಸ್ಕೂಲ್ ಜವಾನ. ಮದುವೆ ಮನೆಯವರು ಈಗೀಗ ದುಡ್ಡನ್ನು ಫೋನಿಗೇ ಹಾಕುತ್ತಾರೆ. ಆದರೆ ಬುಡೇನ್ ಸಾಬರು ಮಷಿನ್ನಿಗೆ ಹೋಗಿ ಅದನ್ನು ಬಿಡಿಸಿಕೊಂಡು ಬಂದು ನೋಟು ಮಾಡಿಯೇ ಹಂಚಬೇಕು. ತನ್ನ ಫೋನಿಗೆ ಹಾಕಿಸಿಕೊಳ್ಳುವವನು ಸೆಟ್ಟಿನಲ್ಲಿ ಒಬ್ಬನೂ ಇಲ್ಲ. ಹಳೇ ಮಂದಿ, ಫೋನು ಒತ್ತಲು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ.

ನಮ್ಮದು ದೇವರಾಜ ಅರಸು ಬಡಾವಣೆಯ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ಮನೆ. ನಾನು ಜೋಳದ ರೊಟ್ಟಿ ಬಡಿದು ಎಸ್.ಎಸ್. ಬಡಾವಣೆಯ ಮನೆಗಳಿಗೆ ಕೊಡುತ್ತೇನೆ. ಮಂಜನ ಹೆಂಡತಿ ರೇಣುಕಾ ಜೊತೆಗೆ ಬಡಿಯುತ್ತಾಳೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಲೆಕ್ಕದಲ್ಲಿ ನನಗೆ ಯಾರೂ ಮೋಸ ಮಾಡಲಾರರು ಎಂಬ ಜಂಬ ನನಗಿತ್ತು. ಮನೆಯವರು ಒಂದೊಂದು ಮೆರವಣಿಗೆ ಮುಗಿಸಿ ಬಂದು ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ನಾನೂರು ರೂಪಾಯಿ ಇಡುತ್ತಿದ್ದರು. ನಾನೂ ಎಣಿಸಿಯೇ ಎತ್ತಿಡುತ್ತಿದ್ದೆ. ಒಂದು ದಿನವೂ ಹತ್ತು ರೂಪಾಯಿ ಕಡಿಮೆ ಬಂದದ್ದಿಲ್ಲ. ಹಂಗಾಮಿಗೆ ಮೊದಲು ಅವರ ಟ್ರಂಪೆಟ್ಟನ್ನು ಹುಣಸೆಹಣ್ಣು ಹಾಕಿ ತಿಕ್ಕಿಕೊಡುವುದು ನನ್ನ ಪಾಲಿನ ಕೆಲಸ. ಬೈಯುತ್ತಲೇ ತಿಕ್ಕುತ್ತಿದ್ದೆ.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಮೆಕ್ಕೆಜೋಳದ ಚೀಲದ ಮೇಲೆ ಕೂತವರು ಏಳಲಿಲ್ಲ. ಅಷ್ಟೆ. ನೋವು ತಿನ್ನಲಿಲ್ಲ, ನನಗೂ ತಿನ್ನಿಸಲಿಲ್ಲ. ಹನ್ನೊಂದು ದಿನ ಜನ ಬಂದರು. ಹನ್ನೆರಡನೇ ದಿನ ಬಾಡಿಗೆ ಕುರ್ಚಿಗಳನ್ನು ಎಣಿಸಿ ವಾಪಸ್ ಕೊಟ್ಟೆವು. ಮಗಳು ಹದಡಿಗೆ ಹೋದಳು, ಅವಳಿಗೂ ದನ ಇವೆ, ಮಕ್ಕಳಿವೆ. ರೇಣುಕಾ ಬೆಳಿಗ್ಗೆ ಬಂದು ಹನ್ನೊಂದಕ್ಕೆ ಹೋದರೆ ಮತ್ತೆ ಮರುದಿನವೇ ನಾನು ಬಾಯಿ ತೆರೆಯುತ್ತಿದ್ದದ್ದು. ದನಿ ಇದೆಯೋ ಇಲ್ಲವೋ ನೋಡೋಣ ಎಂದು ಬಡಿದಿಟ್ಟ ರೊಟ್ಟಿಯನ್ನೇ ಮತ್ತೆ ಗಟ್ಟಿಯಾಗಿ ಎಣಿಸುತ್ತಿದ್ದೆ.

ಆ ದಿನಗಳಲ್ಲೇ ಟ್ರಂಪೆಟ್ಟನ್ನು ಕಡೆಯ ಸಲ ತಿಕ್ಕಿ ಇಟ್ಟೆ. ಅದು ಸೆಟ್ಟಿನ ಸ್ವತ್ತು, ಬುಡೇನ್ ಸಾಬರು ಒಯ್ಯಲು ಬಂದರು. ಕೋಟು ಬೇಡವೆಂದರು.

"ಅಕ್ಕಾ, ನಮ್ಮ ಸೆಟ್ಟಿನಾಗೆ ಒಂದು ನೇಮ ಐತೆ" ಅಂದರು. "ಒಬ್ಬ ಹೋದ್ರೆ ಆ ಒಂದು ಹಂಗಾಮು ಅವನ ಪಾಲು ನಿಲ್ಸಂಗಿಲ್ಲ. ಹನ್ನೊಂದು ಜನ ಬಾರಿಸ್ತೀವಿ, ಹನ್ನೆರಡು ಪಾಲು ಮಾಡ್ತೀವಿ. ಅವನು ನಿಂತ್ಕೊಳ್ಳೋ ಜಾಗಕ್ಕೆ ಯಾರನ್ನೂ ಹಾಕಲ್ಲ. ಹಂಗಾಮು ಮುಗಿಯೋವರೆಗೂ ಅವನು ಸೆಟ್ಟಿನಾಗೆ ಅದಾನೆ ಅಂತ ಲೆಕ್ಕ."

"ನನಗೆ ದಾನ ಬ್ಯಾಡ ಸಾಬ್ರೆ."

"ದಾನ ಅಲ್ಲಕ್ಕಾ, ಪಾಲು. ಬ್ಯಾಡ ಅನ್ನಂಗೇ ಇಲ್ಲ."

ಮಾಘದಲ್ಲಿ ಮೊದಲ ಮದುವೆ. ಮರುದಿನ ಬೆಳಿಗ್ಗೆ ಮಂಜ ಒಂದು ಕವರು ತಂದ, ಜೊತೆಗೆ ಎರಡು ವೀಳ್ಯದೆಲೆ, ಒಂದು ಅಡಿಕೆ. ಬಾಗಿಲಲ್ಲೇ ನಿಂತು "ಮಾವನ ಪಾಲು ರೀ ಅತ್ತೆ" ಎಂದು ಕೊಟ್ಟು, ಒಂದು ಲೋಟ ಚಹಾ ಕುಡಿದು, ಆಟೋದ ಬಾಡಿಗೆ ಏರದ ಕತೆ ಹೇಳಿ ಹೋದ. ಅವನು ಹೋದ ಮೇಲೆ ಎಣಿಸಿದೆ. ಒಂಬೈನೂರು.

ಮತ್ತೆ ಎಣಿಸಿದೆ. ಒಂಬೈನೂರೇ.

ಸತ್ತವರ ಮನೆಯೆಂದು ಮರುಕಪಟ್ಟು ಹೆಚ್ಚು ಹಾಕಿರಬೇಕು ಅಂದುಕೊಂಡೆ. ಎರಡನೇ ಮೆರವಣಿಗೆಗೂ ಒಂಬೈನೂರು. ಮೂರನೆಯದಕ್ಕೂ ಅಷ್ಟೆ. ಮಂಜನನ್ನು ಚಹಾಕ್ಕೆ ಕೂರಿಸಿ, "ಯಾಕೋ, ಎಲ್ಲಾರೂ ಕೈಯಿಂದ ಹಾಕ್ತೀರೇನೋ?" ಅಂದೆ. "ಇಲ್ರಿ ಅತ್ತೆ, ಸಮಾ ಪಾಲು" ಅಂದವನು ಏನೋ ನೆನಪಾದವನ ಹಾಗೆ ನಾಲಿಗೆ ಕಚ್ಚಿಕೊಂಡ. ಲೋಟದಲ್ಲಿ ಅರ್ಧ ಚಹಾ ಬಿಟ್ಟು ಎದ್ದ. ಆಟೋ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಅದು ಎಂದೂ ಆಗುವುದಿಲ್ಲ.

ಆವತ್ತಿನಿಂದ ನಾನು ದುಡ್ಡನ್ನು ಎರಡು ಕಡೆ ಇಡತೊಡಗಿದೆ. ನಾನೂರು ಅಕ್ಕಿ ಡಬ್ಬಿಗೆ. ಮಿಕ್ಕ ಐನೂರು ಒಂದು ಹಳೇ ಪೌಡರ್ ಡಬ್ಬಿಗೆ. ಆ ಐನೂರನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಅದು ಮನೆಗೆ ಎಂದೂ ಬರದ ದುಡ್ಡು. ಹಾಗಾದರೆ ಎಲ್ಲಿಗೆ ಹೋಗುತ್ತಿತ್ತು?

ಕುಡಿಯುವವರಲ್ಲ, ನನಗೆ ಗೊತ್ತು, ಬಾಯಿ ವಾಸನೆ ಸುಳ್ಳು ಹೇಳುವುದಿಲ್ಲ. ಇಸ್ಪೀಟು ಗೊತ್ತಿಲ್ಲ. ಉಳಿದದ್ದು ಒಂದೇ. ಪ್ರತಿ ಆದಿತ್ಯವಾರ ಊಟ ಮುಗಿಸಿ "ಹರಿಹರಕ್ಕೆ ಹೋಗಿ ಹೊಳೆ ನೋಡಿ ಬರ್ತೀನಿ" ಎಂದು ಬಸ್ಸು ಹತ್ತುತ್ತಿದ್ದರು. ಬೇಸಿಗೆಯಲ್ಲಿ ಹೊಳೆಯಲ್ಲಿ ನೀರೇ ಇರುವುದಿಲ್ಲ, ಆಗಲೂ ಹೋಗುತ್ತಿದ್ದರು. ವಯಸ್ಸಾದ ಮನುಷ್ಯ, ಹೋಗಲಿ ಎಂದು ನಾನೂ ಕೇಳಿದವಳಲ್ಲ. ಮನೆಯಲ್ಲಿಲ್ಲದಿದ್ದರೆ ಕಸ ಗುಡಿಸಲು ಸಲೀಸು ಎಂದು ಒಳಗೊಳಗೇ ಖುಷಿಯೂ ಇತ್ತು. ಇನ್ನೊಂದು ವಿಷಯ ಈಗ ಹೊಂದಿಕೊಂಡಿತು. ಅವರ ದಾಡಿ ಡಬ್ಬಿಯಲ್ಲಿ ಒಂದು ಬೀಗದ ಕೈ ಸಿಕ್ಕಿತ್ತು. ಅಂಗಡಿಯ ಗೋಡೌನಿನದು ಎಂದು ಸಾಹುಕಾರರಿಗೆ ಕಳಿಸಿದರೆ, ನಮ್ಮದಲ್ಲ ಎಂದು ವಾಪಸ್ ಬಂದಿತ್ತು.

ಒಲೆಯ ಮುಂದೆ ಕೂತು ಅದನ್ನೇ ಯೋಚಿಸುತ್ತಿದ್ದೆ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದರಷ್ಟು ದಂಡದ ಕೆಲಸ ಇನ್ನೊಂದಿಲ್ಲ. ಜಗಳಕ್ಕೆ ಎದುರಾಳಿಯೇ ಇಲ್ಲ. ಆದರೂ ಮಾಡಿದೆ. ಅವರ ಫೋಟೋವನ್ನು ಗೋಡೆ ಕಡೆ ತಿರುಗಿಸಿದೆ. ರೇಣುಕಾ ನೋಡಿ "ಇದ್ಯಾಕ್ರಿ ಅತ್ತೆ ಹಿಂಗೆ?" ಅಂದಳು. "ಹಿಟ್ಟು ಹಾರ್ತೈತೆ" ಅಂದೆ.

ಯುಗಾದಿ ಕಳೆದು ಬಿಸಿಲು ಏರಿತ್ತು. ಒಂದು ದಿನ ರೊಟ್ಟಿ ಬುಟ್ಟಿ ಹೊತ್ತು ಎಸ್.ಎಸ್. ಬಡಾವಣೆಗೆ ಹೋಗುವಾಗ ಎದುರಿಗೆ ಮೆರವಣಿಗೆ ಬಂತು. ನಮ್ಮ ಸೆಟ್ಟೇ. ಬಿಸಿಲಿಗೆ ಕೆಂಪು ಕೋಟಿನ ಬೆನ್ನು ಬೆವರಿಗೆ ಕಪ್ಪಾಗಿತ್ತು. ಎರಡನೇ ಸಾಲಿನ ಎಡಗಡೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ ಖಾಲಿ. ಸಾಲು ಮುಂದೆ ಹೋದ ಹಾಗೆ ಆ ಖಾಲಿ ಜಾಗವೂ ಮುಂದೆ ಹೋಗುತ್ತಿತ್ತು. ತಿರುವಿನಲ್ಲಿ ಎಲ್ಲರೂ ತಿರುಗಿದಾಗ ಅದೂ ತಿರುಗಿತು. ಅಷ್ಟರಲ್ಲಿ ಒಬ್ಬ ಸ್ಕೂಟರಿನವನು ಹಾರ್ನ್ ಹೊಡೆದು ಆ ಸಂದಿಯಲ್ಲೇ ತೂರಿಕೊಂಡು ಹೋದ. ಬುಡೇನ್ ಸಾಬರು ಕ್ಲಾರಿನೆಟ್ ಬಾಯಿಂದ ತೆಗೆದು ಅವನಿಗೆ ಬೈದರು, ಮತ್ತೆ ಬಾಯಿಗಿಟ್ಟುಕೊಂಡರು. ನಾನು ಬುಟ್ಟಿ ಹೊತ್ತು ಅಲ್ಲೇ ನಿಂತಿದ್ದೆ. ಆ ಜಾಗದಲ್ಲಿ ನಡೆಯುತ್ತಿದ್ದ ಮನುಷ್ಯ ಯಾರು ಎನ್ನುವುದೇ ನನಗೆ ಗೊತ್ತಿಲ್ಲವಲ್ಲ ಅನ್ನಿಸಿತು. ಅದು ತಡೆಯಲಾಗಲಿಲ್ಲ.

ಮರುದಿನ ಸೈಕಲ್ ಅಂಗಡಿಗೆ ಹೋದೆ. ಬುಡೇನ್ ಸಾಬರು ಟ್ಯೂಬನ್ನು ನೀರಿನ ಬಾಣಲೆಗೆ ಅದ್ದಿ ಪಂಕ್ಚರ್ ಹುಡುಕುತ್ತಿದ್ದರು.

"ಬರ್ರಿ ಅಕ್ಕಾ, ಕೂಡ್ರಿ."

"ಕೂಡಲ್ಲ. ಸೆಟ್ಟಿನಾಗೆ ಒಬ್ಬೊಬ್ಬರಿಗೆ ಎಷ್ಟು ಪಾಲು?"

"ನಿಮಗೆ ಕಳಿಸ್ತೀವಲ್ಲ, ಅಷ್ಟೇ. ಒಂಬೈನೂರು."

"ಹೋದ ವರ್ಷ?"

"ಹೋದ ವರ್ಷನೂ..." ಅಂದವರು ಅಲ್ಲಿಗೇ ನಿಂತರು. ಟ್ಯೂಬು ನೀರಿನಲ್ಲಿ ಬುಳುಬುಳು ಗುಳ್ಳೆ ಬಿಡುತ್ತಿತ್ತು.

"ನಮ್ಮ ಮನಿಗೆ ನಾನೂರು ಬರ್ತಿತ್ತು ಸಾಬ್ರೆ."

ಅವರು ಟ್ಯೂಬು ಬಿಟ್ಟು ಕೈ ಒರೆಸಿಕೊಂಡರು. ಅತ್ತ ಇತ್ತ ನೋಡಿ ದನಿ ಇಳಿಸಿದರು. "ಅದು ಮನಿಗೆ ಹೇಳೋ ರೇಟು ಅಕ್ಕಾ."

"ಹಂಗಂದ್ರೆ?"

"ಹಂಗಂದ್ರೆ... ನಮ್ಮಪ್ಪ ಲೀಡರ್ ಇದ್ದಾಗಿಂದ ಐತೆ. ಪ್ರತಿ ವರ್ಷ ಹಂಗಾಮಿಗೆ ಮುಂಚೆ ಎಲ್ಲಾರೂ ಕುಂತು ಗೊತ್ತು ಮಾಡ್ತೀವಿ, ಈ ವರ್ಷ ಮನಿಗೆ ಎಷ್ಟು ಹೇಳೋದು ಅಂತ. ಎಲ್ಲಾರೂ ಒಂದೇ ಹೇಳಬೇಕು. ಇಲ್ಲಾಂದ್ರೆ ಹೆಂಗಸ್ರು ನಲ್ಲಿ ಹತ್ರ ಮಾತಾಡಿದಾಗ ತಾಳೆ ಆಗಲ್ಲ ನೋಡ್ರಿ."

"ಅದಕ್ಕೇನು ಫೋನಿಗೆ ಹಾಕಿಸ್ಕೊಳ್ಳಲ್ಲ ಯಾರೂ?"

"ಫೋನಿಗೆ ಬಿದ್ರೆ ಮನ್ಯಾಗೆ ಮಕ್ಕಳು ಮೆಸೇಜ್ ಓದ್ತಾವಲ್ಲಕ್ಕಾ."

"ನಿಮ್ಮ ಮನ್ಯಾಗೆ ಎಷ್ಟು ಹೇಳ್ತೀರಿ?"

"ನಾನೂರೈವತ್ತು. ಲೀಡರ್ ಅಂತ ಐವತ್ತು ಜಾಸ್ತಿ."

ನಗು ಬರಬೇಕಿತ್ತು. ಬರಲಿಲ್ಲ. "ಮತ್ತೆ ನನಗ್ಯಾಕ ನಿಜದ್ದು ಕಳಿಸಿದ್ರಿ?"

"ಸತ್ತವರ ಪಾಲಿನಾಗೆ ಸುಳ್ಳು ಹೇಳಬಾರದು. ಅದು ದೇವರ ಲೆಕ್ಕ. ಹಿಂದೆ ಇಬ್ಬರು ಮೂವರಿಗೆ ಕೊಟ್ಟೀವಿ, ಯಾರೂ ಕೇಳಲಿಲ್ಲ. ದುಡ್ಡು ಜಾಸ್ತಿ ಬಂದ್ರೆ ಯಾರು ಕೇಳ್ತಾರ್ರಿ?"

"ನಾನು ಕೇಳ್ತೀನಿ. ಮಿಕ್ಕಿದ್ದು ಏನು ಮಾಡ್ತಿದ್ರು ಅವರು?"

"ಅದು ನಾವು ಯಾರೂ ಯಾರನ್ನೂ ಕೇಳಂಗಿಲ್ಲ ಅಕ್ಕಾ. ಒಬ್ಬ ಚೀಟಿ ಕಟ್ತಾನೆ, ಒಬ್ಬ ಅಣ್ಣತಮ್ಮರಿಗೆ ಗೊತ್ತಿಲ್ದಂಗೆ ತಂಗಿಗೆ ಕೊಡ್ತಾನೆ, ಒಬ್ಬ ಮಟ್ಕಾ ನಂಬರ್ ಆಡಿ ಕಳೀತಾನೆ. ನಾನು ಹಲ್ಲು ಕಟ್ಟಿಸ್ಕೊಂಡೆ. ಮನಿ ದುಡ್ಡಿನಾಗೆ ಹಲ್ಲು ಕಟ್ಟಿಸ್ತೀನಿ ಅಂದ್ರೆ ಬಿಡ್ತಾರಾ? ಊದೋನಿಗೆ ಹಲ್ಲು ಬೇಕು."

"ಸಾಬ್ರೆ, ನಾನು ಇಲ್ಲಿಂದ ಸೀದಾ ಮಂಜನ ಹೆಂಡತಿ ಹತ್ರ ಹೋಗ್ತೀನಿ. ಆಮೇಲೆ ನಿಮ್ಮ ಬೇಗಂ ಹತ್ರ. ಹನ್ನೊಂದು ಮನಿ, ಸಂಜಿ ಒಳಗೆ ಮುಗಿಸ್ತೀನಿ."

ಆ ಮನುಷ್ಯನ ಮುಖ ನೋಡಬೇಕಿತ್ತು. ಮೂವತ್ತು ವರ್ಷದಿಂದ ಊರಿನ ಮೆರವಣಿಗೆಯ ಮುಂದೆ ಎದೆ ಎತ್ತಿ ನಡೆದವರು, ನೀರಿನ ಬಾಣಲೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಹರಿಹರದಾಗೆ ಒಂದು ಖೋಲಿ ಹಿಡಿದಿದ್ರು" ಅಂದರು ಕಡೆಗೆ. "ಹೊಳೆ ಕಡೆ ಓಣಿ, ಬೇವಿನ ಮರದ ಪಕ್ಕ. ಸಿದ್ದವ್ವ ಅಂತ ಒಬ್ಬಾಕಿ ಮನಿ. ಒಳಗೆ ಏನೈತೆ, ಯಾರು ಅದಾರೆ, ಖುದಾ ಕಸಂ ನನಗೆ ಗೊತ್ತಿಲ್ಲ."

ಸಿದ್ದವ್ವ. ಹೆಸರು ಸಿಕ್ಕಿತು.

ಆದಿತ್ಯವಾರ ಊಟ ಮಾಡದೆ ಹೊರಟೆ. ಆಧಾರ್ ಕಾರ್ಡ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ನನಗೆ ಟಿಕೆಟ್ ಇಲ್ಲ. ಗಂಡನ ಕಳ್ಳತನ ಹಿಡಿಯಲು ಸರ್ಕಾರವೇ ಪುಕ್ಕಟೆ ಕಳಿಸುತ್ತಿದೆ ಎಂದುಕೊಂಡೆ. ದಾರಿಯುದ್ದಕ್ಕೂ ಬಿಸಿ ಗಾಳಿ. ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದೆ. ಸಿದ್ದವ್ವನಿಗೆ ಏನನ್ನಬೇಕು ಎಂದು ಒಂದೊಂದೇ ಮಾತು ಜೋಡಿಸಿದೆ. ಹರಿಹರದಲ್ಲಿ ಇಳಿಯುವಷ್ಟರಲ್ಲಿ ಒಳ್ಳೇ ಬೈಗುಳ ಒಂದು ಚೀಲ ತುಂಬಿದ್ದವು.

ಬೇವಿನ ಮರ ಸಿಕ್ಕಿತು, ಬಾಗಿಲು ಸಿಕ್ಕಿತು. ಬಡಿದೆ. ತೆರೆಯಲಿಲ್ಲ. ಇನ್ನೂ ಬಡಿದೆ. ಎದುರು ಮನೆಯವಳು ಇಣುಕಿ, "ಬಡೀಬ್ಯಾಡ್ರಿ, ಕೇಳಲ್ಲ ಆಕಿಗೆ. ನೂಕಿ ಒಳಗೆ ಹೋಗ್ರಿ" ಅಂದಳು.

ಒಳಗೆ ಎಂಬತ್ತು ದಾಟಿದ ಮುದುಕಿಯೊಬ್ಬಳು ಕಾಲು ಚಾಚಿ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು. ನನ್ನ ಚೀಲ ತುಂಬಿದ ಬೈಗುಳ ಅಲ್ಲೇ ಸೋರಿಹೋದವು.

"ನಾನು ಹಾಲೇಶಪ್ಪನೋರ ಹೆಂಡ್ತಿ!" ಎಂದು ಕೂಗಿದೆ. ಅವರ ಹೆಸರನ್ನು ಮೊದಲ ಸಲ ನಾನು ಹೇಳಿದ್ದು ಹಾಗೆ, ಪರ ಊರಿನಲ್ಲಿ, ಓಣಿಗೆಲ್ಲ ಕೇಳುವಂತೆ.

"ಹಾಂ? ಹಾಲು ಬ್ಯಾಡವ್ವ, ತಗಂಡೀವಿ."

ಗಂಟಲು ಹರಿಯುವಂತೆ ಕೂಗಿ, ಕೈಸನ್ನೆ ಮಾಡಿ, ಬೀಗದ ಕೈ ತೋರಿಸಿದೆ. ಅದನ್ನು ನೋಡಿದ ಮೇಲೆ ಗೊತ್ತಾಯಿತು. "ಆದಿತ್ಯವಾರದೋರು! ಯಾಕ ಬರವಲ್ರು? ನಾಕೈದು ತಿಂಗಳಾತು."

ಕೈಯನ್ನು ಮೇಲಕ್ಕೆ ತೋರಿಸಿದೆ. ಮುದುಕಿಗೆ ತಿಳಿಯಿತು. ಸೆರಗು ಬಾಯಿಗೆ ಹಚ್ಚಿಕೊಂಡಳು.

"ಭಾಳ ಸುಮ್ಕಿರೋ ಮನುಷ್ಯ" ಅಂದಳು. "ಹನ್ನೆರಡು ವರ್ಷದಾಗೆ ಒಂದು ಸದ್ದು ಮಾಡಿದೋರಲ್ಲ. ಬರ್ತಿದ್ರು, ಒಳಗೆ ಹೋಗ್ತಿದ್ರು, ಎರಡು ತಾಸು ಬಿಟ್ಟು ಹೋಗ್ತಿದ್ರು. ವರ್ಷದ ಬಾಡಿಗೆ ಮದುವಿ ಹಂಗಾಮು ಮುಗಿಯೋ ಹೊತ್ತಿಗೆ ಒಮ್ಮೆಗೇ ಕೊಡೋರು. ಇನ್ನೂ ಜ್ಯೇಷ್ಠದವರೆಗೆ ಐತೆ."

ಹಿತ್ತಲಿನ ಖೋಲಿಯ ಬೀಗಕ್ಕೆ ಕೈ ಸಲೀಸಾಗಿ ತಿರುಗಿತು. ಕಿಟಕಿಗೆ ಮೆಕ್ಕೆಜೋಳದ ಗೋಣಿಚೀಲ ಹೊಡೆದಿದ್ದರು, ಎರಡು ಪದರ. ಬಾಗಿಲ ಹಿಂದೆಯೂ ಗೋಣಿ. ಒಂದು ಕುರ್ಚಿ. ಕುರ್ಚಿ ಎರಡಿಲ್ಲ ಎನ್ನುವುದನ್ನು ನಾನು ಮೊದಲು ನೋಡಿದೆ, ಯಾಕೆ ಸುಳ್ಳು ಹೇಳಲಿ. ಗೂಡಿನಲ್ಲಿ ಚಹಾದ ಕಲೆ ಹಿಡಿದ ಒಂದು ಗಾಜಿನ ಲೋಟ. ಮೊಳೆಗೆ ನೇತುಹಾಕಿದ ಒಂದು ಹಳೇ ಟ್ರಂಪೆಟ್, ಎಲ್ಲೋ ಗುಜರಿಯಲ್ಲಿ ಕೊಂಡದ್ದಿರಬೇಕು, ತಿಕ್ಕದೆ ಕಪ್ಪಗಾಗಿತ್ತು. ಅದರ ಅಗಲ ಬಾಯಿಗೆ ಸದ್ದು ಕಡಿಮೆಯಾಗಲೆಂದು ಬಟ್ಟೆ ತುರುಕಿದ್ದರು. ಎಳೆದು ನೋಡಿದರೆ ನನ್ನ ಹಸಿರು ಇಳಕಲ್ ಸೀರೆಯ ತುಂಡು. ಆ ತುಂಡು ಹಗ್ಗದ ಮೇಲಿಂದ ಕಾಣೆಯಾದಾಗ ನಾನು ರೇಣುಕಾಳ ಮೇಲೆ ಗುಮಾನಿಪಟ್ಟಿದ್ದೆ.

ಕುರ್ಚಿಯಲ್ಲಿ ಕೂತೆ. ಹನ್ನೆರಡು ವರ್ಷ ಅಂದಳು ಮುದುಕಿ. ಹನ್ನೆರಡು ವರ್ಷದ ಕೆಳಗೆ ಮಗಳು ಮೊದಲ ಬಾಣಂತನಕ್ಕೆ ಬಂದಿದ್ದಳು. ಇವರು ಮನೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು, ಕೂಸು ಬೆಚ್ಚಿಬಿದ್ದು ಅಳುತ್ತಿತ್ತು. ನಾನು ಸೌಟು ಹಿಡಿದು ಬಂದು, "ಇನ್ನೊಂದ್ಸಲ ಈ ಮನ್ಯಾಗೆ ಊದಿದ್ರೆ ಇದನ್ನ ಒಲಿಗೆ ಹಾಕ್ತೀನಿ" ಅಂದಿದ್ದೆ. ಅವರು ಎದುರು ಆಡಲಿಲ್ಲ. ಆಮೇಲೆ ಮನೆಯಲ್ಲಿ ಊದಲಿಲ್ಲ. ಕೂಸು ದೊಡ್ಡದಾಗಿ ಶಾಲೆಗೆ ಹೋಯಿತು, ಆಗಲೂ ಊದಲಿಲ್ಲ. ನಾನೂ ಊದಿರಿ ಎಂದು ಹೇಳಲಿಲ್ಲ. ನನ್ನ ಮಾತಿಗೆ ಬೆಲೆ ಇದೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದೆ.

ನಾನು ಅಂದದ್ದು ತಪ್ಪು ಎಂದು ಈಗಲೂ ಹೇಳುವುದಿಲ್ಲ. ಹಸುಗೂಸು ಮಲಗಬೇಕಿತ್ತು. ಆದರೆ ಒಂದು ಮಾತಿಗೆ ಇಷ್ಟು ಬಾಡಿಗೆ ಎಂದು ಗೊತ್ತಿರಲಿಲ್ಲ.

ಅಲ್ಲೇ ಕೂತು ಲೆಕ್ಕ ಹಾಕಿದೆ, ಲೆಕ್ಕ ಹಾಕಿದರೆ ನನಗೆ ಸಮಾಧಾನ. ಹಂಗಾಮಿಗೆ ಮೂವತ್ತೈದು ಮೆರವಣಿಗೆ, ಮನೆಗೆ ಹೇಳದೆ ಉಳಿದದ್ದು ಹದಿನೇಳೂವರೆ ಸಾವಿರ. ಖೋಲಿ ಬಾಡಿಗೆ ತಿಂಗಳಿಗೆ ಸಾವಿರದ ಇನ್ನೂರು ಎಂದು ಮುದುಕಿ ಹೇಳಿದ್ದಳು. ವಾರಕ್ಕೊಮ್ಮೆ ಬಸ್ಸಿಗೆ ಹೋಗಿ ಬರಲು ಐವತ್ತು. ಕಳೆದು ಕೂಡಿ ನೋಡಿದರೆ ಉಳಿಯುವುದು ಆದಿತ್ಯವಾರಕ್ಕೆ ಒಂದು ಚಹಾದಷ್ಟು. ಊರವರ ಮದುವೆಯಲ್ಲಿ ಊದಿ ದುಡಿದದ್ದನ್ನು ಒಬ್ಬರೇ ಕೂತು ಊದಲು ಖರ್ಚು ಮಾಡಿದ್ದರು. ಅದೂ ಕಿವಿ ಕೇಳದವಳ ಮನೆ ಹುಡುಕಿ.

ಹೆಂಗಸು ಇದ್ದಿದ್ದರೆ ಬೈದು, ಎರಡು ದಿನ ಅತ್ತು, ಮುಗಿಸುತ್ತಿದ್ದೆ. ಇದಕ್ಕೆ ಏನು ಮಾಡಬೇಕು ಎಂದು ನನಗೆ ತಿಳಿಯಲಿಲ್ಲ. ಬೀಗ ಹಾಕಿ ಹೊರಟೆ. ಮನೆಗೆ ಬಂದು ಫೋಟೋ ಈ ಕಡೆ ತಿರುಗಿಸಿದೆ.

ಒಂದು ವಾರ ಬಿಟ್ಟು, ರೊಟ್ಟಿ ಬಡಿಯುವಾಗ ರೇಣುಕಾ ತಲೆ ಎತ್ತದೆ ಕೇಳಿದಳು. "ಅತ್ತೆ, ಮಾವನ ಪಾಲು ಅಂತ ಇವ್ರು ತಂದು ಕೊಡ್ತಾರಲ್ಲ, ಎಷ್ಟಿರ್ತೈತ್ರಿ ಅದು?"

ಒಲೆಯ ಮೇಲಿನ ರೊಟ್ಟಿ ಉಬ್ಬಿತು. ಇವಳ ಗಂಡ ಮಿಕ್ಕ ದುಡ್ಡಿನಲ್ಲಿ ನಂಬರ್ ಆಡುವವನು, ಅವನ ಆಟೋದಲ್ಲಿದ್ದ ನಂಬರ್ ಚೀಟಿ ನೋಡಿ ಅದು ನನಗೆ ಗೊತ್ತಾಗಿತ್ತು. ಹೇಳಬೇಕಿತ್ತು. ಆದರೆ ಹೇಳಿದರೆ ಹನ್ನೊಂದು ಮನೆಯ ಬಾಗಿಲು ತೆರೆದ ಹಾಗೆ, ಹನ್ನೊಂದು ಜನ ಸೈಕಲ್ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತ ಹಾಗೆ. ಸೆಟ್ಟು ಆ ಹಂಗಾಮಿಗೇ ಒಡೆಯುತ್ತಿತ್ತು. ಎರಡನೇ ಸಾಲಿನ ಆ ಖಾಲಿ ಜಾಗವೂ ಹೋಗುತ್ತಿತ್ತು. ರೊಟ್ಟಿ ತಿರುವಿ ಹಾಕಿದೆ.

"ನಾನೂರು" ಅಂದೆ.

ಅವಳು ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡು ನಕ್ಕಳು. "ನಾನೂರು ಹೇಳಾಕೆ ಒಂದು ರೊಟ್ಟಿ ಹೊತ್ತಿಸಿದ್ರಲ್ರಿ ಅತ್ತೆ. ಹೋಗ್ಲಿ ಬಿಡ್ರಿ. ಇವ್ರ ಅಂಗಿ ಜೇಬು ತಡವಿ ಒಗೆಯೋಳು ನಾನೇ. ನಾನೂ ರೊಟ್ಟಿ ದುಡ್ಡು ಪೂರಾ ಹೇಳಲ್ಲ."

ಇಬ್ಬರೂ ಉಳಿದ ರೊಟ್ಟಿ ಬಡಿದೆವು. ಆ ಬೆಳಿಗ್ಗೆಯಷ್ಟು ಒಬ್ಬಂಟಿ ಅನ್ನಿಸಿದ್ದು ಮಣ್ಣು ಮಾಡಿ ಬಂದ ದಿನವೂ ಅನ್ನಿಸಿರಲಿಲ್ಲ. ಒಂದು ಓಣಿಯ ತುಂಬ ಜನ, ಒಬ್ಬೊಬ್ಬರೂ ಅರ್ಧ ಮನೆಯಲ್ಲಿಟ್ಟು ಅರ್ಧ ಬೇರೆ ಎಲ್ಲೋ ಬದುಕುತ್ತಿದ್ದರು. ನಾನೊಬ್ಬಳೇ ಪೂರ್ತಿ ಮನೆಯಲ್ಲಿದ್ದವಳು. ಅದಕ್ಕೇ ಇರಬೇಕು, ಅವರು ಹೋದ ಮೇಲೆ ನನಗೆ ಹೋಗಲು ಇನ್ನೊಂದು ಜಾಗವೇ ಇರಲಿಲ್ಲ.

ಜ್ಯೇಷ್ಠದಲ್ಲಿ ಮೊದಲ ಮಳೆ ಬಿದ್ದು ಹಂಗಾಮು ಮುಗಿಯಿತು. ಕಡೆಯ ಪಾಲನ್ನು ಬುಡೇನ್ ಸಾಬರೇ ತಂದರು.

"ಅಕ್ಕಾ, ಇದು ಕಡೇದು. ಮುಂದಿನ ಹಂಗಾಮಿಗೆ ಆ ಜಾಗಕ್ಕೆ ಒಬ್ಬನ್ನ ಹಾಕ್ಕೋಬೇಕು. ನೀವು ಹ್ಞೂಂ ಅನ್ನಬೇಕು."

"ಯಾರವನು?"

"ಹೋಟೆಲಿನಾಗೆ ದೋಸೆ ಹಾಕ್ತಾನೆ. ಉಸಿರು ಚಲೋ ಐತೆ."

"ಮದುವಿ ಆಗೈತಾ?"

"ಆಗೈತೆ."

"ಮನಿಗೆ ಹೇಳೋ ರೇಟು ಹೇಳಿದ್ರಾ?"

ಅವರು ಕಟ್ಟಿಸಿಕೊಂಡ ಹಲ್ಲು ಪೂರಾ ಕಾಣುವಂತೆ ನಕ್ಕರು. "ಮೊದಲು ಅದನ್ನೇ ಹೇಳೋದು ಅಕ್ಕಾ."

ಹ್ಞೂಂ ಅಂದೆ. ಅವರ ಸೈಕಲ್ಲಿನ ಚೈನಿನ ಸದ್ದು ತಿರುವಿನವರೆಗೆ ಕೇಳಿತು. ಆಮೇಲೆ ಬೆಳಿಗ್ಗೆ ಕವರು ಹಿಡಿದು ಬಾಗಿಲಿಗೆ ಬರುವವರು ಯಾರೂ ಇರಲಿಲ್ಲ. ಚಹಾ ಲೋಟ ಒಂದೇ ಸಾಕಾಯಿತು.

ಆ ಆದಿತ್ಯವಾರ ಪೌಡರ್ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹರಿಹರಕ್ಕೆ ಹೋದೆ. ಹದಿನಾಲ್ಕು ಸಾವಿರದ ನಾನೂರು ಎಣಿಸಿ ಸಿದ್ದವ್ವನ ಮಡಿಲಿಗೆ ಇಟ್ಟೆ. ಅವಳಿಗೆ ಅರ್ಥವಾಗಲಿಲ್ಲ.

"ಖೋಲಿ ತಗಂಡು ನೀನೇನು ಮಾಡ್ತಿಯವ್ವ?"

"ಕೂಡ್ತೀನಿ."

"ಹಾಂ?"

"ಕೂಡ್ತೀನಿ!" ಎದುರು ಮನೆಯವಳು ಇಣುಕಿ ನೋಡಿದಳು.

ಅವಳ ಹತ್ತಿರವೇ ಒಂದು ಹಿಡಿ ಹುಣಸೆಹಣ್ಣು ಇಸಿದುಕೊಂಡು ಆ ಕಪ್ಪು ಟ್ರಂಪೆಟ್ಟನ್ನು ತಿಕ್ಕಿದೆ. ಎರಡು ವಾರ ಹಿಡಿಯಿತು, ಅಷ್ಟು ಕಿಲುಬು. ಒಮ್ಮೆ ಬಾಯಿಗಿಟ್ಟು ಊದಿಯೂ ನೋಡಿದೆ. ಒಲೆ ಊದಿದ ಹಾಗೆ ಬರೀ ಗಾಳಿ ಬಂತು. ಮತ್ತೆ ಆ ಹುಚ್ಚು ಮಾಡಲಿಲ್ಲ. ಮೊಳೆಗೆ ನೇತುಹಾಕಿ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಈಗಲೂ ಕೂರುತ್ತೇನೆ. ಎರಡನೇ ವರ್ಷದ ಬಾಡಿಗೆ ರೊಟ್ಟಿ ದುಡ್ಡಿನಲ್ಲಿ ಕೊಟ್ಟೆ. ಬಸ್ಸಿನ ಐವತ್ತು ರೂಪಾಯಿಯಲ್ಲಿ ಅವರಿಗಿಂತ ನಾನೇ ಮೇಲು.

ಕಳೆದ ವಾರ ಹದಡಿಯ ಹಿತ್ತಲಲ್ಲಿ, ಸೊಂಟ ಹಿಡಿದಿದೆ ಎಂದು ನಾನು ಸುಳ್ಳು ಹೇಳಿದ ಮೇಲೆ, ಮಗಳು ಪಕ್ಕದಲ್ಲೇ ಕೂತಳು.

"ಅವ್ವ, ಆದಿತ್ಯವಾರ ಫೋನ್ ಮಾಡಿದ್ರೆ ಎತ್ತಲ್ಲ ನೀನು. ಎಲ್ಲಿಗೆ ಹೋಗಿರ್ತಿ?"

"ಹರಿಹರಕ್ಕೆ. ಹೊಳೆ ನೋಡಾಕೆ."

"ನೀರೇ ಇಲ್ಲಲ್ಲ ಈಗ."

"ಇದ್ದಷ್ಟು ನೋಡ್ತೀನಿ."

ಅವಳು ನನ್ನ ಮುಖ ನೋಡಿದಳು, ಬಿಟ್ಟಳು. "ಹೋಗ್ಲಿ, ಆ ರೊಟ್ಟಿ ಬಡಿದು ಕೈಯಾಗೆ ಏನಾರ ಉಳೀತೈತಾ? ತಿಂಗಳಿಗೆ ಎಷ್ಟು ಬರ್ತೈತೆ?"

ಎರಡನೇ ದೀಪದ ಕಂಬ ಎತ್ತಿಕೊಂಡು, ಹುಣಸೆಹಣ್ಣು ಹಚ್ಚುತ್ತಾ, ಅರ್ಧ ಹೇಳಿದೆ.